ಮಾಲೀಕರು ಮಾತಿಗೆ ಸಿಗುತ್ತಿಲ್ಲವೆಂದು ಇನ್ನಷ್ಟು ಮುಂಗಡ ಕೊಡಬೇಡಿ

ಜೇವರ್ಗಿ ರಸ್ತೆಯ ಹಳೆಯ ಮನೆಗೆ ಮೂರು ಲಕ್ಷ ರೂಪಾಯಿ ಮುಂಗಡ ಕೊಟ್ಟ ಮೇಲೆ ಮಾಲೀಕರು ಎರಡು ತಿಂಗಳಿಂದ ಫೋನ್ ಎತ್ತುತ್ತಿಲ್ಲವೆಂದೂ, ಇನ್ನೆರಡು ಲಕ್ಷ ಕೊಟ್ಟರೆ ದಾರಿಗೆ ಬರುತ್ತಾರೆಂದು ಮಧ್ಯವರ್ತಿ ಹೇಳುತ್ತಿದ್ದಾರೆಂದೂ ಬರೆದಿದ್ದೀರಿ. ದಯವಿಟ್ಟು ಕೊಡಬೇಡಿ. ಆಳಂದ ರಸ್ತೆಯಲ್ಲಿ ನಮ್ಮ ಮನೆ ಕೊಳ್ಳುವಾಗಲೂ ಇದೇ ಸಲಹೆ ಬಂದು, ನಾವು ಹಣ ಕೊಟ್ಟೂ ಬಿಟ್ಟೆವು. ಹಣ ಕೈಸೇರಿದ ವಾರ ಸಕ್ಕರೆಯಂತೆ ಮಾತನಾಡಿದ ಮಾಲೀಕರು ಆಮೇಲೆ ಮತ್ತೆ ನಾಪತ್ತೆಯಾದರು.

ಮಾರುವವರು ಮೌನವಾದರೆಂದರೆ ಬಹುತೇಕ ಅವರಲ್ಲಿ ಯಾವುದೋ ಕಾಗದವೋ ಸಹಿಯೋ ಇಲ್ಲವೆಂದೇ ತಿಳಿಯಬೇಕು. ನಮಗೆ ಮೊದಲು ಆಷಾಢವೆಂದರು, ನಂತರ ಪಿತೃಪಕ್ಷವೆಂದರು, ಕೊನೆಗೆ ತೊಗರಿ ರಾಶಿ ಮುಗಿಯಲಿ ಎಂದರು. ನಿಜ ಸಂಗತಿಯೆಂದರೆ ಮನೆ ಇನ್ನೂ ತೀರಿಹೋದ ತಂದೆಯ ಹೆಸರಿನಲ್ಲೇ ಇತ್ತು, ಸೊಲ್ಲಾಪುರಕ್ಕೆ ಮದುವೆ ಮಾಡಿಕೊಟ್ಟಿದ್ದ ಮಾಲೀಕರ ಅಕ್ಕ ಸಹಿ ಹಾಕಲು ಒಪ್ಪಿರಲಿಲ್ಲ. ಕೊಟ್ಟ ಹೆಣ್ಣಿನ ಸಹಿ ಏಕೆ ಬೇಕು ಎಂದು ಕೇಳುವವರು ನಮ್ಮ ಕಡೆ ಇಂದಿಗೂ ಇದ್ದಾರೆ. ಹಿಂದೂ ಕುಟುಂಬದಲ್ಲಿ ತಂದೆ ಮರಣಶಾಸನ ಬರೆಯದೆ ತೀರಿಕೊಂಡಿದ್ದರೆ ಮಗಳೂ ಮಗನಷ್ಟೇ ವಾರಸುದಾರಳು, ಇದರಲ್ಲಿ ಚರ್ಚೆಗೆ ಎಡೆಯಿಲ್ಲ. ಈಗಂತೂ ಇ-ಖಾತಾ, ಅಂದರೆ ಆಸ್ತಿ ಯಾರ ಹೆಸರಿನಲ್ಲಿದೆ ಎಂದು ಸ್ಥಳೀಯ ಸಂಸ್ಥೆ ಕೊಡುವ ಡಿಜಿಟಲ್ ದಾಖಲೆ, ಇಲ್ಲದೆ ಕ್ರಯಪತ್ರ ನೋಂದಣಿಯಾಗದ ಕಾರಣ ಇಂಥ ತೊಡಕನ್ನು ಮುಚ್ಚಿಟ್ಟು ಮಾರುವುದು ಕಷ್ಟ. ಆದ್ದರಿಂದ ಫೋನ್ ಮಾಡುವುದನ್ನು ಬಿಟ್ಟು, ಇ-ಖಾತಾ ಯಾರ ಹೆಸರಿನಲ್ಲಿದೆ, ವಂಶಾವಳಿಯಲ್ಲಿ ಯಾರ್‍ಯಾರಿದ್ದಾರೆ, ಮೂಲ ಪತ್ರಗಳು ಮನೆಯಲ್ಲಿವೆಯೋ ಬ್ಯಾಂಕಿನಲ್ಲಿವೆಯೋ ಎಂಬುದನ್ನು ವಿಚಾರಿಸಿ. ರಾಜ್ಯ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪತ್ರವನ್ನೂ (ಇಸಿ, ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ) ತೆಗೆಸಿ, ಆದರೆ ಅದನ್ನೇ ನಂಬಿ ಕೂರಬೇಡಿ, ಏಕೆಂದರೆ ಬಾಂಡ್ ಕಾಗದದ ಮೇಲೆ ಬರೆದು ನೋಂದಣಿ ಮಾಡಿಸದ ಕರಾರು ಅದರಲ್ಲಿ ಕಾಣುವುದಿಲ್ಲ. ನಿಮ್ಮ ಕರಾರೂ ಅಂಥದ್ದೇ ಆಗಿರುವುದರಿಂದ ಮನೆ ನೋಡಲು ಬರುವ ಇನ್ನೊಬ್ಬರಿಗೆ ನೀವು ಮುಂಗಡ ಕೊಟ್ಟಿರುವುದು ತಿಳಿಯುವುದೇ ಇಲ್ಲ.

ನೀವು ಹಾಕಿರುವ ಕರಾರಿನ ಚಿತ್ರದಲ್ಲಿ ‘ಕಾಗದಪತ್ರ ಸರಿಯಾದ ನಂತರ ನೋಂದಣಿ ಮಾಡಿಕೊಡತಕ್ಕದ್ದು’ ಎಂದಿದೆಯೇ ಹೊರತು ದಿನಾಂಕವಿಲ್ಲ. ದಸ್ತಾವೇಜು ಬರೆಯುವವರು ಈ ಸಾಲನ್ನು ಕಣ್ಣುಮುಚ್ಚಿ ಬರೆಯುತ್ತಾರೆ, ನಾವೂ ಕಣ್ಣುಮುಚ್ಚಿ ಸಹಿ ಹಾಕುತ್ತೇವೆ. 1963ರ ಕಾಲಮಿತಿ ಕಾಯ್ದೆಯಂತೆ ಕರಾರು ಜಾರಿಗೆ ದಾವೆ ಹೂಡಲು ಮೂರು ವರ್ಷದ ಅವಧಿಯಿದ್ದು, ದಿನಾಂಕ ಗೊತ್ತುಮಾಡಿದ್ದರೆ ಆ ದಿನದಿಂದ, ಇಲ್ಲದಿದ್ದರೆ ಮಾರುವವರು ನಿರಾಕರಿಸಿದ್ದು ನಿಮಗೆ ತಿಳಿದ ದಿನದಿಂದ ಅದು ಎಣಿಕೆಯಾಗುತ್ತದೆ. ಹಾಗಾಗಿ ನನ್ನ ಮಟ್ಟಿಗೆ ಮೊದಲ ಕೆಲಸವೆಂದರೆ ಪತ್ರ. ಕರಾರಿನ ದಿನಾಂಕ, ಬ್ಯಾಂಕಿನ ಮೂಲಕ ಕೊಟ್ಟ ಮೊತ್ತ, ಉಳಿದ ಬಾಕಿ, ಅವರಿಂದ ಬರಬೇಕಾದ ಕಾಗದಗಳು, ಉಪನೋಂದಣಿ ಕಚೇರಿಗೆ ಬರಬೇಕಾದ ದಿನ ಮತ್ತು ವೇಳೆ, ಇಷ್ಟನ್ನೂ ಒಂದೇ ಪುಟದಲ್ಲಿ ಬರೆದು, ಸಾಲ ಮಂಜೂರಾತಿ ಪತ್ರದ ಪ್ರತಿಯನ್ನು ಲಗತ್ತಿಸಿ. ಕರಾರಿನಂತೆ ಮನೆ ಬರೆದುಕೊಡಲಿ ಎಂದು ನಿರ್ದಿಷ್ಟ ಪರಿಹಾರ ಕಾಯ್ದೆಯಡಿ ನ್ಯಾಯಾಲಯಕ್ಕೆ ಹೋದರೆ, ಹಣದೊಂದಿಗೆ ನೀವು ಮೊದಲಿನಿಂದಲೂ ಸಿದ್ಧರಿದ್ದಿರಿ ಎಂಬುದನ್ನು ನೀವೇ ತೋರಿಸಬೇಕು, ಆಗ ಈ ಪ್ರತಿಯೇ ಕೈಹಿಡಿಯುತ್ತದೆ. ಪತ್ರ ಸ್ವೀಕೃತಿ ಸಹಿತ ಅಂಚೆಯಲ್ಲೇ ಹೋಗಲಿ. ‘ಸ್ವೀಕರಿಸಲು ನಿರಾಕರಿಸಿದ್ದಾರೆ’ ಎಂಬ ಷರಾದೊಂದಿಗೆ ಲಕೋಟೆ ಮರಳಿ ಬಂದರೆ ಒಡೆಯದೆ ಹಾಗೆಯೇ ಇಡಿ. ವಾಟ್ಸ್‌ಆ್ಯಪ್‌ನಲ್ಲೂ ಕಳುಹಿಸಬಹುದು, ಆದರೆ ನೀಲಿ ಗೆರೆಗಳನ್ನೇ ನಂಬಿ ಕುಳಿತವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಇನ್ನು ಮುಂದೆ ಹಣ ಕೊಡುವುದಿದ್ದರೆ ಕಾಗದಕ್ಕೆ ಪ್ರತಿಯಾಗಿ ಮಾತ್ರ ಕೊಡಿ. ಎಲ್ಲ ವಾರಸುದಾರರ ಸಹಿಯಿರುವ ಹೊಸ ಕರಾರು, ಅದೂ ದಿನಾಂಕ ಸಹಿತ ನೋಂದಣಿಯಾದದ್ದು, ಒಂದು ಕಂತಿಗೆ ಸಾಕು. ಇ-ಖಾತಾ ಅವರ ಹೆಸರಿಗೆ ಬಂದರೆ ಇನ್ನೊಂದು ಕಂತು. ಎಲ್ಲವೂ ಬ್ಯಾಂಕಿನ ಮೂಲಕವೇ ಆಗಬೇಕು. ಸ್ಥಿರಾಸ್ತಿಯ ಮುಂಗಡವಾಗಿ 20,000 ರೂಪಾಯಿ ಅಥವಾ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ.

ರೇರಾಗೆ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರಕ್ಕೆ) ದೂರು ಕೊಡಿ ಎಂದು ನಿಮ್ಮ ಪ್ರಶ್ನೆಗೆ ಉತ್ತರಿಸಿದ ಒಬ್ಬರು ಬರೆದಿದ್ದಾರೆ. ಅದು ಬಿಲ್ಡರ್‌ಗಳ ಯೋಜನೆಗಳಿಗೆ, ಖಾಸಗಿ ವ್ಯಕ್ತಿಯ ಹಳೆಯ ಮನೆಗಲ್ಲ. ನೋಂದಾಯಿತ ಯೋಜನೆಯಲ್ಲಿ ಫ್ಲ್ಯಾಟ್ ಕೊಳ್ಳುವವರು ಮಾತ್ರ ನೆನಪಿಡಿ, ಕರಾರು ನೋಂದಣಿಯಾಗುವ ಮೊದಲು ಬಿಲ್ಡರ್ ಶೇ 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ, ಹೇಳಿದ ದಿನಕ್ಕೆ ಮನೆ ಕೊಡದಿದ್ದರೆ ಬಡ್ಡಿ ಸಹಿತ ಹಣ ವಾಪಸ್ ಕೇಳಬಹುದು.

ವಿಳಂಬದ ಖರ್ಚು ಕೊಳ್ಳುವವರ ತಲೆಗೇ ಬರುತ್ತದೆ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿದಾಗ, ಮಾಲೀಕರ ಸಬೂಬಿನಿಂದ ಆ ದಿನ ದಾಟಿದ 40 ಲಕ್ಷದ ಮನೆಗೆ 40,000 ರೂಪಾಯಿ ಹೆಚ್ಚು ಕಟ್ಟಬೇಕಾಯಿತು. ಇಂಥ ಹೆಚ್ಚಳವನ್ನು ತಡಮಾಡಿದವರೇ ಭರಿಸಬೇಕೆಂದು ಹೊಸ ಕರಾರಿನಲ್ಲಿ ಬರೆಸಿ. ಸಾಲ ಮಂಜೂರಾತಿಗೂ ಅವಧಿಯಿದೆ, ಮುಗಿಯುವ ಮೊದಲೇ ಬ್ಯಾಂಕಿಗೆ ವಿಸ್ತರಣೆ ಕೋರಿ ಬರೆಯಿರಿ. ಕ್ರಯಪತ್ರ ಕೈಗೆ ಬರುವವರೆಗೆ ಈಗಿನ ಬಾಡಿಗೆ ಮನೆ ಬಿಡುವ ಮಾತನ್ನು ಅದರ ಮಾಲೀಕರಿಗೆ ಹೇಳಲೇಬೇಡಿ.