ಅಣ್ಣನಿಗೆ 31 ಅಂಕ

ಆಪ್ತಸಲಹೆಗೆಂದು ನನ್ನ ಬಳಿ ಬಂದವರು ಕೋಲಾರದ ಕಡೆಯ ಒಬ್ಬ ಟೊಮ್ಯಾಟೊ ಬೆಳೆಗಾರರು, ವಯಸ್ಸು ಮೂವತ್ತು ದಾಟಿದೆ. (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.) ಕೂರುವ ಮೊದಲೇ ಮೊಬೈಲ್ ಮುಂದೆ ಹಿಡಿದರು. "ಮೇಡಂ, ನಮ್ಮಣ್ಣನಿಗೆ 40ಕ್ಕೆ 31 ಬಂದಿದೆ. ಸೈಕೋಪಾತ್ ತಾನೇ?"

ಸೈಕೋಪಾತ್ ಅಂದರೆ ಪರರ ನೋವಿಗೆ ಮರುಗದೆ ಅವರನ್ನು ಬಳಸಿಕೊಳ್ಳುವವರು. ಅಂಥವರನ್ನು ಅಳೆಯಲು ಕೆನಡಾದ ಮನಶ್ಶಾಸ್ತ್ರಜ್ಞ ರಾಬರ್ಟ್ ಹೇರ್ ರೂಪಿಸಿದ 20 ಅಂಶಗಳ ಪಟ್ಟಿಯನ್ನು ಎಲ್ಲಿಂದಲೋ ಹುಡುಕಿ ತುಂಬಿದ್ದರು. ಒಂದೊಂದಕ್ಕೆ 0, 1 ಇಲ್ಲವೇ 2 ಅಂಕ. 30 ಮುಟ್ಟಿದರೆ ಸಾಮಾನ್ಯವಾಗಿ ಆ ಹೆಸರು. ಅದು ಮುಖ್ಯವಾಗಿ ಜೈಲುಗಳಲ್ಲಿ ಬೆಳೆದ ಅಳತೆಗೋಲು. ತರಬೇತಿ ಪಡೆದವರು ಸಂದರ್ಶನ ಮಾಡಿ, ಕಡತ ಓದಿ ಅಂಕ ಕೊಡಬೇಕು. ಮೋಸ ಹೋದ ತಮ್ಮ ಅರ್ಧರಾತ್ರಿ ನಿದ್ದೆಗೆಟ್ಟು ಕೊಟ್ಟದ್ದನ್ನು ನಾನು ನಂಬಲಾರೆ ಎಂದೆ. ಮುಖ ಸಣ್ಣದಾಯಿತು. "ಹಾಗಾದ್ರೆ ಅವನು ಮಾಡಿದ್ದೆಲ್ಲ ಸುಳ್ಳಾ?"

ಮಾಡಿದ್ದು ಇಷ್ಟು: ಎರಡು ವರ್ಷ ಮಂಡಿಯ ಲೆಕ್ಕ ಮುಚ್ಚಿಟ್ಟದ್ದು, ತಮ್ಮನ ಹೆಸರಲ್ಲೂ ಮುಂಗಡ ಎತ್ತಿದ್ದು, ಅಮ್ಮನ ಸರ ಗಿರವಿ ಇಟ್ಟದ್ದು. ಕೇಳಿದರೆ ನಗುತ್ತಾ, "ನಿನಗ್ಯಾಕೋ ಅದೆಲ್ಲ?"

ಅಮೆರಿಕದ ಮನೋವೈದ್ಯ ಹರ್ವಿ ಕ್ಲೆಕ್ಲಿ 1941ರಲ್ಲಿ ಪುಸ್ತಕದಲ್ಲಿ ಕೊಟ್ಟ ಸೈಕೋಪಾತ್‌ನ ಚಿತ್ರಣದಲ್ಲಿ ಮಾತು ಸಿಹಿ, ನಾಚಿಕೆ ಇಲ್ಲ, ಜೊತೆಗೆ ಬದುಕಿಗೊಂದು ಯೋಜನೆಯೂ ಇಲ್ಲ. ಈ ಅಣ್ಣನ ಯೋಜನೆ ಮಾತ್ರ ಅಚ್ಚುಕಟ್ಟು. ಮನೋವೈದ್ಯರು ರೋಗ ಗುರುತಿಸಲು ಬಳಸುವ 2013ರ ಡಿಎಸ್‌ಎಂ-5 ಕೈಪಿಡಿಯಲ್ಲಿ ಸೈಕೋಪಾತ್ ಎಂಬ ರೋಗವಿಲ್ಲ, ಇರುವುದು ಸಮಾಜವಿರೋಧಿ ವ್ಯಕ್ತಿತ್ವ ದೋಷ. ಅದಕ್ಕೆ 15 ವರ್ಷಕ್ಕೆ ಮೊದಲೇ ನಡತೆಗೆಟ್ಟ ಲಕ್ಷಣ ಬೇಕು. ಇವರಣ್ಣ ಶಾಲೆಯಲ್ಲಿ ಕ್ಲಾಸ್ ಲೀಡರ್! ಒಂದು ಜರಡಿಯಲ್ಲಿ ಸಿಕ್ಕವನು ಇನ್ನೊಂದರಲ್ಲಿ ಜಾರಿಹೋಗುತ್ತಾನೆ. ಅಲ್ಲದೆ ನಾನು ಆ ಅಣ್ಣನನ್ನು ಕಂಡೇ ಇಲ್ಲ. ರೋಗದ ಹೆಸರಿಡುವ ಹಕ್ಕು ನನಗಿಲ್ಲ.

ಕೊನೆಗೆ ಕೈಗೆ ಬಂದದ್ದು ಮನಶ್ಶಾಸ್ತ್ರಜ್ಞ ಕ್ರಿಸ್ಟೋಫರ್ ಪ್ಯಾಟ್ರಿಕ್ ಮತ್ತು ಸಂಗಡಿಗರು 2009ರಲ್ಲಿ ಈ ಗುಣವನ್ನು ಬಿಡಿಸಿ ನೋಡಲು ಮುಂದಿಟ್ಟ ಮೂರೆಳೆಯ ಮಾದರಿ: ಎದೆಗಾರಿಕೆ, ನಿರ್ದಯತೆ, ಕಡಿವಾಣವಿಲ್ಲದ ನಡತೆ. ಒಂದೊಂದನ್ನೂ ಬೇರೆಯಾಗಿ ನೋಡಬಹುದು, ಒಟ್ಟು ಅಂಕದ ಗೋಜಿಲ್ಲ. ಎದೆಗಾರಿಕೆ ಎಂದ ಕೂಡಲೇ ಅವರಿಗೆ ಹಳೆಯದು ನೆನಪಾಯಿತು. ಅಪ್ಪ ಲಕ್ವ ಹೊಡೆದು ಮಲಗಿದಾಗ ಹದಿನೇಳರ ಅಣ್ಣ ಒಬ್ಬನೇ ಬಾಕ್ಸ್‌ಗಳನ್ನು ಮಂಡಿಗೆ ಹೊತ್ತು, ದಲ್ಲಾಳಿಯೊಡನೆ ಜಗಳವಾಡಿ ಬಾಕಿ ವಸೂಲಿ ಮಾಡಿದ್ದನಂತೆ. ಹೇಳುತ್ತಾ ಅತ್ತರು. ಮನೆ ಉಳಿಸಿದ್ದೂ ಅದೇ ಗುಣ. ಕಡಿವಾಣ? ಅದು ಗಟ್ಟಿಯಾಗಿಯೇ ಇದೆ. ದುಡುಕಿ ಮಾಡಿದ್ದು ಒಂದೂ ಇಲ್ಲ. ಉಳಿದದ್ದು ನಿರ್ದಯತೆ. ದುಡುಕಿನವನು ಸಿಟ್ಟಿಳಿದ ಮೇಲೆ ಮರುಗಬಹುದು. ಲೆಕ್ಕ ಹಾಕಿ ಕಿತ್ತುಕೊಂಡವನ ಬಾಯಲ್ಲಿ "ತಪ್ಪಾಯ್ತು" ಬರಲೆಂದು ಇವರು ಎರಡು ವರ್ಷ ಕಾದಿದ್ದರು.

ಕಾಯುವುದನ್ನು ಬಿಡಿ ಎಂದೆ. ಮಾರಾಟದ ಚೀಟಿ ನಿಮ್ಮ ಹೆಸರಲ್ಲೇ ಬರಲಿ, ಹಣ ನಿಮ್ಮ ಖಾತೆಗೇ ಬೀಳಲಿ. ನಿಮ್ಮ ಸಹಿಯಿಲ್ಲದ ಮುಂಗಡಕ್ಕೆ ನೀವು ಹೊಣೆಯಲ್ಲವೆಂದು ದಲ್ಲಾಳಿಗೆ ಬರೆದುಕೊಡಿ. ಗಿರವಿ ರಸೀದಿ, ಪಹಣಿ ಹಿಡಿದು ವಕೀಲರನ್ನು ನೋಡಿ. ನಿದ್ದೆ ಬಾರದ ರಾತ್ರಿ 14416ಕ್ಕೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ಗೆ, ಕರೆ ಮಾಡಿ. ಹಿರಿಯರ ಎದುರು 'ಸೈಕೋಪಾತ್' ಅನ್ನಬೇಡಿ. ಆ ಕ್ಷಣದಿಂದ ಪಂಚಾಯ್ತಿ ನಿಮ್ಮ ಬಾಯಿಯ ಮೇಲೆ ನಡೆಯುತ್ತದೆ, ಲೆಕ್ಕದ ಮೇಲಲ್ಲ.

ಮೂರು ವಾರದ ಮೇಲೆ ಬಂದರು. ಖಾತೆ ತೆರೆದಿದ್ದರು, ವಕೀಲರನ್ನೂ ಕಂಡಿದ್ದರು. ಸರದ ವಿಷಯ ಅಮ್ಮನಿಗೆ ಇನ್ನೂ ಹೇಳಿಲ್ಲವಂತೆ. ಆ ದಿನದ ಒಂದು ಗಂಟೆ ಅದಕ್ಕೇ ಹೋಯಿತು.