ದಿನಾ ಫೋಲ್ಡರ್ ಕಾಪಿ ಮಾಡಿಟ್ಟುಕೊಂಡರೆ ಸಾಲದೇ, ಗಿಟ್ ಯಾಕೆ ಕಲಿಯಬೇಕು?

ನೀವು ಮೆಕ್ಯಾನಿಕಲ್ ಓದಿ, ಕಲಬುರಗಿಯಿಂದ ಪುಣೆಗೆ ಬಂದು ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ್ದೀರಿ. ದಿನಾ ಸಂಜೆ ಪ್ರಾಜೆಕ್ಟ್ ಫೋಲ್ಡರನ್ನು ತಾರೀಖು ಹಾಕಿ ಕಾಪಿ ಮಾಡಿಡುತ್ತೀರಿ. ಅಷ್ಟು ಸಾಲದೇ, ಕೋಡಿನ ಪ್ರತಿ ಬದಲಾವಣೆಯ ದಾಖಲೆ ಇಡುವ ಗಿಟ್ ಎಂಬ ಸಾಧನ ಕಲಿಯಲೇಬೇಕೇ, ಕಲಿಯುವುದಾದರೆ ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ.

ಸಾಲದು. ಹುಬ್ಬಳ್ಳಿಯಿಂದ ಪುಣೆಗೆ ಬಂದ ಮೊದಲ ವರ್ಷ ನಾನೂ ಹಾಗೇ ಮಾಡುತ್ತಿದ್ದೆ. ಸಣ್ಣ ಕಂಪನಿ, ಮೂರು ಜನ, ಎಲ್ಲರಿಗೂ ಸೇರಿ ಒಂದು ಶೇರ್ಡ್ ಫೋಲ್ಡರ್. ಗಣೇಶ ಚೌತಿಗೆ ಊರಿಗೆ ಹೊರಟ ದಿನ, ರಾತ್ರಿ ಒಂಬತ್ತಕ್ಕೆ ವಾಕಡದಲ್ಲಿ ಬಸ್. ಏಳು ಗಂಟೆಗೆ ನೋಡುತ್ತೇನೆ, ಮೂರು ದಿನ ಕೂತು ಬರೆದ ಬಿಲ್ಲಿಂಗ್ ಲೆಕ್ಕ ಫೈಲಿನಲ್ಲೇ ಇಲ್ಲ. ಜೊತೆಯವನೊಬ್ಬ ಮೂರು ದಿನ ಮೊದಲು ತನ್ನ ಕಂಪ್ಯೂಟರಿಗೆ ಕಾಪಿ ಮಾಡಿಕೊಂಡಿದ್ದ ಫೈಲನ್ನು ಅಲ್ಲಲ್ಲಿ ತಿದ್ದಿ, ಅದನ್ನೇ ವಾಪಸ್ ತಂದು ಹಾಕಿದ್ದ. ಹಿಂದಿನ ಸಂಜೆಯ ಕಾಪಿ ನನ್ನ ಹತ್ತಿರ ಇತ್ತು. ಆದರೆ ಅದರಲ್ಲಿ ಅವನ ತಿದ್ದುಪಡಿ ಇಲ್ಲ, ಅವನದರಲ್ಲಿ ನನ್ನದಿಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಸಾಲು ಸಾಲು ಕಣ್ಣಲ್ಲೇ ಹೋಲಿಸುತ್ತ ಕೂತೆ. ಬಸ್ ಹೋಯಿತು.

ಕಾಪಿಯ ಕೊರತೆ ಅಲ್ಲಿದೆ. ಫೈಲು ಉಳಿಯುತ್ತದೆ, ಆದರೆ ಏನು ಬದಲಾಯಿತು, ಯಾರು ಬದಲಿಸಿದರು, ಯಾಕೆ ಎಂಬುದು ಉಳಿಯುವುದಿಲ್ಲ. ಆರು ತಿಂಗಳ ನಂತರ ನಿಮಗೆ ಬೇಕಾಗುವುದು ಆ 'ಯಾಕೆ'.

ನಮ್ಮಪ್ಪ ಹುಬ್ಬಳ್ಳಿ ಎಪಿಎಂಸಿಯ ದಲಾಲಿ ಅಂಗಡಿಯೊಂದರಲ್ಲಿ ಕಿರ್ದಿ, ಅಂದರೆ ದಿನದ ಲೆಕ್ಕದ ಪುಸ್ತಕ, ಬರೆಯುತ್ತಿದ್ದರು. ಕಿರ್ದಿಯಲ್ಲಿ ತಪ್ಪಾದರೆ ಹಾಳೆ ಹರಿಯುವಂತಿಲ್ಲ, ಅಳಿಸುವಂತಿಲ್ಲ. ಅದಕ್ಕೆ ಎದುರಾಗಿ ಇನ್ನೊಂದು ನಮೂದು ಹಾಕಿ, ಕಾರಣ ಬರೆಯಬೇಕು. ಗಿಟ್ ನನಗೆ ಅರ್ಥವಾಗಿದ್ದು ಆ ಪುಸ್ತಕ ನೆನಪಾದಾಗ. ಒಂದು ಕಮಿಟ್ ಎಂದರೆ ಕಿರ್ದಿಯ ಒಂದು ನಮೂದು: ಆ ಕ್ಷಣದಲ್ಲಿ ಇಡೀ ಪ್ರಾಜೆಕ್ಟ್ ಹೇಗಿತ್ತು ಎಂಬ ಚಿತ್ರ, ಬರೆದವರ ಹೆಸರು, ವೇಳೆ, ಕಾರಣದ ಒಂದೆರಡು ಸಾಲು, ಮತ್ತು ಇದಕ್ಕಿಂತ ಹಿಂದಿನ ಕಮಿಟ್ ಯಾವುದು ಎಂಬ ಗುರುತು. ಇಷ್ಟನ್ನೂ ಸೇರಿಸಿ ಲೆಕ್ಕ ಹಾಕಿ 40 ಅಕ್ಷರಗಳ ಒಂದು ಸಂಖ್ಯೆ ಬರುತ್ತದೆ. ಹಳೆಯ ಕಮಿಟ್ಟಿನಲ್ಲಿ ಒಂದಕ್ಷರ ಬದಲಾದರೂ ಅದರ ಸಂಖ್ಯೆಯೂ ನಂತರದ ಎಲ್ಲ ಕಮಿಟ್‌ಗಳ ಸಂಖ್ಯೆಯೂ ಬದಲಾಗುತ್ತವೆ. ಹಾಗಾಗಿ ಕದ್ದು ತಿದ್ದಲು ಬರುವುದಿಲ್ಲ. ಎದುರು ನಮೂದಿಗೆ ಗಿಟ್‌ನಲ್ಲಿರುವ ಆಜ್ಞೆ 'ಗಿಟ್ ರಿವರ್ಟ್'. ಬೇರೆಯವರೊಂದಿಗೆ ಹಂಚಿಕೊಂಡ ಕೋಡಿನಲ್ಲಿ ತಪ್ಪಾದರೆ ಅದನ್ನೇ ಬಳಸಿ. ಇತಿಹಾಸವನ್ನು ಹಿಂದಕ್ಕೆ ಸರಿಸುವ 'ರೀಸೆಟ್' ಅಲ್ಲಿ ಬೇಡ.

ಈ ವಿಚಾರ ಹೊಸದಲ್ಲ. 1972ರಲ್ಲೇ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೋಡಿನ ಬದಲಾವಣೆ ದಾಖಲಿಸುವ ಎಸ್‌ಸಿಸಿಎಸ್ ಎಂಬ ವ್ಯವಸ್ಥೆ ಹುಟ್ಟಿತ್ತು. ಮುಂದೆ ಅಂಥವೇ ಆದ ಸಿವಿಎಸ್, ಸಬ್‌ವರ್ಷನ್ ಬಂದವು. ಈ ಎರಡರಲ್ಲಿ ಪೂರ್ತಿ ಇತಿಹಾಸ ಒಂದು ಸರ್ವರಿನಲ್ಲಿ ಇರುತ್ತಿತ್ತು. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಬರೆಯುವ ತಂಡ ಬಿಟ್‌ಕೀಪರ್ ಎಂಬ ಖಾಸಗಿ ಸಾಧನವನ್ನು ಉಚಿತವಾಗಿ ಬಳಸುತ್ತಿತ್ತು. 2005ರಲ್ಲಿ ಆ ಸೌಲಭ್ಯ ನಿಂತಾಗ ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೋರ್ವಾಲ್ಡ್ಸ್ ಏಪ್ರಿಲ್‌ನಲ್ಲಿ ಗಿಟ್ ಬರೆಯಲು ಕೂತರು. ಇದರಲ್ಲಿ ಪ್ರತಿಯೊಬ್ಬರ ಕಂಪ್ಯೂಟರಿನಲ್ಲೂ ಪೂರ್ತಿ ಇತಿಹಾಸ ಇರುತ್ತದೆ. ಮುಂಬೈಗೆ ಹೋಗುವಾಗ ಖಂಡಾಲಾ ಘಾಟಿನ ಸುರಂಗದಲ್ಲಿ ನೆಟ್‌ವರ್ಕ್ ಹೋದರೂ ನಾನು ಕಮಿಟ್ ಮಾಡುತ್ತೇನೆ, ಎರಡು ವರ್ಷದ ಹಿಂದಿನ ಬದಲಾವಣೆ ತೆಗೆದು ನೋಡುತ್ತೇನೆ. ಅಂದಹಾಗೆ ಗಿಟ್ ಬೇರೆ, ಗಿಟ್‌ಹಬ್ ಬೇರೆ. ಗಿಟ್‌ಹಬ್ 2008ರಲ್ಲಿ ಶುರುವಾದ ಜಾಲತಾಣ, ನಿಮ್ಮ ಗಿಟ್ ಇತಿಹಾಸದ ಒಂದು ಪ್ರತಿಯನ್ನು ಇಡುವ ಜಾಗ. ಅದಿಲ್ಲದೆಯೂ ಗಿಟ್ ನಡೆಯುತ್ತದೆ.

ಮೊದಲ ವಾರಕ್ಕೆ ಬೇಕಾದ ಆಜ್ಞೆಗಳು ಕೆಲವೇ. 'ಇನಿಟ್' ಫೋಲ್ಡರಿನಲ್ಲಿ ಕಿರ್ದಿ ತೆರೆಯುತ್ತದೆ. 'ಆಡ್' ಈ ನಮೂದಿಗೆ ಯಾವ ಬದಲಾವಣೆ ಸೇರಬೇಕೆಂದು ಆರಿಸುತ್ತದೆ. 'ಕಮಿಟ್' ಬರೆದು ಮುಗಿಸುತ್ತದೆ. 'ಸ್ಟೇಟಸ್' ಯಾವ ಫೈಲು ಬದಲಾಗಿದೆ ಎಂದು, 'ಡಿಫ್' ಯಾವ ಸಾಲು ಬದಲಾಗಿದೆ ಎಂದು ತೋರಿಸುತ್ತವೆ; ಎರಡನ್ನೂ ಕಮಿಟ್ಟಿಗೆ ಮೊದಲು ಪ್ರತಿ ಸಲ ನೋಡಿ. ಆಡ್ ಬೇರೆ ಹೆಜ್ಜೆಯಾಗಿ ಯಾಕಿದೆ ಎಂದು ಹೊಸಬರು ಕೇಳುತ್ತಾರೆ. ಬಿಲ್ಲಿನ ತಪ್ಪು ತಿದ್ದುವಾಗ ದಾರಿಯಲ್ಲಿ ಒಂದು ಬಟನ್ನಿನ ಹೆಸರನ್ನೂ ಬದಲಿಸಿರುತ್ತೀರಿ. ಎರಡನ್ನೂ ಬೇರೆ ಬೇರೆ ಕಮಿಟ್ ಮಾಡಲು ಆ ಹೆಜ್ಜೆ.

ಕಮಿಟ್ ಸಂದೇಶದ ಬಗ್ಗೆ ನಾನು ಸ್ವಲ್ಪ ಹಟಮಾರಿ. 'ಫಿಕ್ಸ್' ಎಂದಷ್ಟೇ ಬರೆದರೆ ನಾಳೆ ಅದು ನಿಮಗೇ ಅರ್ಥವಾಗುವುದಿಲ್ಲ. 'ತೆರಿಗೆಯನ್ನು ಒಟ್ಟು ಮೊತ್ತದ ಮೇಲೆ ಒಮ್ಮೆ ಮಾತ್ರ ದುಂಡಾಗಿಸಿದೆ. ಪ್ರತಿ ಸಾಲಿಗೆ ದುಂಡಾಗಿಸಿದರೆ ಬಿಲ್ ಪೈಸೆಗಳಲ್ಲಿ ತಾಳೆಯಾಗುತ್ತಿರಲಿಲ್ಲ' ಎಂದು ಬರೆಯಿರಿ. ಮುಂದೆ ಬರುವ ಹುಡುಗಿಯೊಬ್ಬಳು ಆ ಸಾಲನ್ನು 'ಸರಿಮಾಡಲು' ಹೊರಟಾಗ ಅದು ಅವಳ ಕೈ ಹಿಡಿದು ನಿಲ್ಲಿಸುತ್ತದೆ. ಕಮಿಟ್ ಚಿಕ್ಕದಿದ್ದಷ್ಟೂ ಒಳ್ಳೆಯದು. ಸಾವಿರ ಕಮಿಟ್‌ಗಳಲ್ಲಿ ಎಲ್ಲೋ ಒಂದು ಕಡೆ ದೋಷ ನುಸುಳಿದ್ದರೆ 'ಬೈಸೆಕ್ಟ್' ಪ್ರತಿ ಸಲ ಅರ್ಧಕ್ಕೆ ಸೀಳುತ್ತ ಸುಮಾರು 10 ಪರೀಕ್ಷೆಯಲ್ಲಿ ಅದನ್ನು ಹಿಡಿಯುತ್ತದೆ. ಆದರೆ ಸಿಕ್ಕ ಕಮಿಟ್ಟಿನಲ್ಲಿ ನಾಲ್ಕು ಸಾವಿರ ಸಾಲು ಇದ್ದರೆ ಹುಡುಕಾಟ ಮತ್ತೆ ಮೊದಲಿಂದ.

ಬ್ರಾಂಚ್ ಎಂದರೆ ಹೆದರಬೇಡಿ. ಅದು ಫೋಲ್ಡರಿನ ಇನ್ನೊಂದು ಪ್ರತಿ ಅಲ್ಲ, ಒಂದು ಕಮಿಟ್ಟಿಗೆ ಅಂಟಿಸಿದ ಹೆಸರಿನ ಚೀಟಿ. ಹೊಸ ಕೆಲಸಕ್ಕೆ ಹೊಸ ಬ್ರಾಂಚ್ ಮಾಡಿ, ಮುಗಿದ ಮೇಲೆ ಮುಖ್ಯ ಬ್ರಾಂಚಿಗೆ ಮರ್ಜ್ ಮಾಡಿ, ಅಂದರೆ ಕೂಡಿಸಿ. ಇಬ್ಬರು ಒಂದೇ ಫೈಲಿನ ಬೇರೆ ಬೇರೆ ಭಾಗ ತಿದ್ದಿದ್ದರೆ ಗಿಟ್ ತಾನೇ ಕೂಡಿಸುತ್ತದೆ. ಒಂದೇ ಸಾಲನ್ನು ಇಬ್ಬರೂ ತಿದ್ದಿದ್ದರೆ ನಿಂತು, ಎರಡನ್ನೂ ಗುರುತು ಹಾಕಿ ತೋರಿಸಿ, ಯಾವುದು ಬೇಕು ಎಂದು ಕೇಳುತ್ತದೆ. ಅದೇ ಕಾನ್‌ಫ್ಲಿಕ್ಟ್. ಚೌತಿಯ ಆ ಸಂಜೆ ಇದು ಇದ್ದಿದ್ದರೆ ಹತ್ತು ನಿಮಿಷದ ಕೆಲಸ. ಕಾನ್‌ಫ್ಲಿಕ್ಟ್ ಬಂದಾಗ ಆ ಸಾಲು ಬರೆದವರ ಹತ್ತಿರ ಎದ್ದು ಹೋಗಿ ಮಾತಾಡಿ. ಊಹೆಯ ಮೇಲೆ ಒಂದನ್ನು ಅಳಿಸಬೇಡಿ.

ಏನೋ ಒತ್ತಿ ಎಲ್ಲ ಹೋಯಿತು ಅನ್ನಿಸಿದರೆ ನೀವು ಯಾವ ಯಾವ ಕಮಿಟ್ಟಿನಲ್ಲಿ ಇದ್ದಿರಿ ಎಂದು ತೋರಿಸುವ 'ಗಿಟ್ ರಿಫ್‌ಲಾಗ್' ನೋಡಿ. ಕಮಿಟ್ ಮಾಡಿದ್ದು ಸಾಮಾನ್ಯವಾಗಿ ಕನಿಷ್ಠ 30 ದಿನ ನಿಮ್ಮ ಕಂಪ್ಯೂಟರಿನಲ್ಲೇ ಸಿಗುತ್ತದೆ. ಆಡ್ ಕೂಡ ಮಾಡದೆ ಬಿಟ್ಟದ್ದು ಸಿಗುವುದಿಲ್ಲ.

ಪಾಸ್‌ವರ್ಡ್ ಮಾತ್ರ ಎಂದೂ ಕಮಿಟ್ ಮಾಡಬೇಡಿ. ಮುಂದಿನ ಕಮಿಟ್ಟಿನಲ್ಲಿ ತೆಗೆದರೂ ಹಳೆಯದರಲ್ಲಿ ಇದ್ದೇ ಇರುತ್ತದೆ. ತಪ್ಪಿ ಕಮಿಟ್ ಆಗಿಹೋಗಿದ್ದರೆ ಮೊದಲು ಆ ಪಾಸ್‌ವರ್ಡನ್ನೇ ಬದಲಿಸಿ. ಕಂಪನಿಯ ಕೋಡನ್ನು ನಿಮ್ಮ ಸ್ವಂತ ಗಿಟ್‌ಹಬ್ ಖಾತೆಗೂ ಹಾಕಬೇಡಿ.

ಇನ್ನು ನಿಮ್ಮ ತಾರೀಖಿನ ಫೋಲ್ಡರುಗಳು. ಅವನ್ನು ಎಸೆಯಬೇಡಿ, ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯದು ಸಿಗದು. ಖಾಲಿ ಫೋಲ್ಡರಿನಲ್ಲಿ ಇನಿಟ್ ಮಾಡಿ, ಎಲ್ಲಕ್ಕಿಂತ ಹಳೆಯ ಕಾಪಿಯ ಫೈಲುಗಳನ್ನು ತಂದು ಕಮಿಟ್ ಮಾಡಿ. ಗಿಟ್ ತನಗಾಗಿ ಮಾಡಿಕೊಂಡ ಅಡಗಿದ ಫೋಲ್ಡರೊಂದನ್ನು ಬಿಟ್ಟು ಉಳಿದದ್ದನ್ನು ತೆಗೆದು, ಮರುದಿನದ್ದನ್ನು ತನ್ನಿ, ಡಿಫ್ ನೋಡಿ, ಅವತ್ತು ಏನು ಮಾಡಿದ್ದೆ ಎಂದು ನೆನಪು ಮಾಡಿಕೊಂಡು ಸಂದೇಶ ಬರೆದು ಕಮಿಟ್ ಮಾಡಿ. ಕೊನೆಯ ತಾರೀಖಿಗೆ ಬಂದ ಮೇಲೆ ಕಮಿಟ್‌ಗಳ ಪಟ್ಟಿ ತೋರಿಸುವ 'ಗಿಟ್ ಲಾಗ್' ಎಂದು ಟೈಪ್ ಮಾಡಿ ನೋಡಿ.