ಐದು ಗೋಲಿನ ಅಭಿಮಾನ, ಮಗಳ ಪ್ರಶ್ನೆ

(ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅಪ್ಪ, ಮಗಳು ಇಬ್ಬರೂ ಒಪ್ಪಿದ್ದಾರೆ.)

2023ರ ಜನವರಿಯಲ್ಲಿ ಕೊಡಗಿನಿಂದ ದಂಪತಿ ನನ್ನ ಬಳಿ ಆಪ್ತಸಮಾಲೋಚನೆಗೆ ಬಂದಿದ್ದರು. ಗಂಡ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್, ಕೊಡವ ಹಾಕಿ ಹಬ್ಬದಲ್ಲಿ ತಮ್ಮ ಮನೆತನದ ತಂಡಕ್ಕೆ ಆಡಿದವರು. ಹದಿನೈದರ ಮಗಳು ಕ್ರೀಡಾ ಹಾಸ್ಟೆಲಿನಲ್ಲಿದ್ದು ಹಾಕಿ ಆಡುತ್ತಾಳೆ. ರಜೆಗೆ ಬಂದವಳು ಅಪ್ಪನ ಜೊತೆ ಮಾತು ಬಿಟ್ಟು ವಾಪಸ್ ಹೋಗಿದ್ದಳು. ಕಾರಣ ಒಂದು ಸುದ್ದಿ.

ಭಾರತ ಹಾಕಿ ತಂಡದ ಮಾಜಿ ನಾಯಕ, ಆಗ ಹರಿಯಾಣದ ಕ್ರೀಡಾ ಸಚಿವರಾಗಿದ್ದ ಸಂದೀಪ್ ಸಿಂಗ್ ವಿರುದ್ಧ 2022ರ ಡಿಸೆಂಬರ್ ಕೊನೆಯಲ್ಲಿ ಕಿರಿಯ ಮಹಿಳಾ ಕೋಚ್ ಒಬ್ಬರು ಲೈಂಗಿಕ ಕಿರುಕುಳದ ದೂರು ಕೊಟ್ಟಿದ್ದರು. ಚಂಡೀಗಢ ಪೊಲೀಸರು ಪ್ರಕರಣ ದಾಖಲಿಸಿದರು. ಸಿಂಗ್ ಆರೋಪ ನಿರಾಕರಿಸಿದರು, ಕ್ರೀಡಾ ಖಾತೆ ಬಿಟ್ಟುಕೊಟ್ಟರು. ಸುದ್ದಿ ಬಂದ ರಾತ್ರಿ ಊಟಕ್ಕೆ ಕೂತಾಗ ಅಪ್ಪ, "ನಿಜ ಆಗಿದ್ರೆ ಇಷ್ಟು ದಿನ ಸುಮ್ನಿರ್ತಿದ್ಲಾ? ಇದ್ರಿಂದ ಏನೋ ಲಾಭ ಇರ್ಬೇಕು" ಎಂದರಂತೆ. ಆ ಕೋಚ್ ಬಗ್ಗೆ ಕೀಳಾಗಿ ಬರೆದಿದ್ದ ವಾಟ್ಸಾಪ್ ಸಂದೇಶವನ್ನು ನೆಂಟರಿಗೂ ಕಳಿಸಿದ್ದರು.

ಮೊದಲ ಭೇಟಿಯಲ್ಲಿ ಅಪ್ಪನನ್ನು ಮಾತಾಡಲು ಬಿಟ್ಟೆ. 2006ರಲ್ಲಿ ರೈಲಿನಲ್ಲಿ ಆಕಸ್ಮಿಕವಾಗಿ ಗುಂಡು ತಗುಲಿ ನಡೆಯಲಾಗದೆ ಮಲಗಿದ್ದ ಸಂದೀಪ್ ಎದ್ದು ಬಂದು 2009ರಲ್ಲಿ ನಾಯಕನಾಗಿ ಅಜ್ಲಾನ್ ಶಾ ಕಪ್ ಗೆಲ್ಲಿಸಿದ್ದು, 2012ರ ಒಲಿಂಪಿಕ್ಸ್ ಅರ್ಹತಾ ಫೈನಲ್‌ನಲ್ಲಿ ಫ್ರಾನ್ಸ್ ಮೇಲೆ ಐದು ಗೋಲು ಹೊಡೆದದ್ದು, ಎಲ್ಲ ಹೇಳುವಾಗ ಪೆನಾಲ್ಟಿ ಕಾರ್ನರ್‌ನ ಡ್ರ್ಯಾಗ್ ಫ್ಲಿಕ್‌ಗೆ (ಚೆಂಡನ್ನು ಕೋಲಿನಿಂದ ಎಳೆದು ಗೋಲಿನತ್ತ ಚಿಮ್ಮಿಸುವ ಹೊಡೆತ) ಅವರ ಮಣಿಕಟ್ಟು ತಾನಾಗಿ ತಿರುಗುತ್ತಿತ್ತು. ಈ ಅಭಿಮಾನವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಖಡಾಖಂಡಿತವಾಗಿ ಹೇಳಿದೆ: "ಆ ಐದು ಗೋಲು ನಿಮ್ಮವೇ, ಯಾರೂ ಕಿತ್ತುಕೊಳ್ಳೋದಿಲ್ಲ. ಮುಚ್ಚಿದ ಕೋಣೆಯಲ್ಲಿ ಏನಾಯಿತು ಅನ್ನೋದಕ್ಕೆ ಅವು ಸಾಕ್ಷಿ ಆಗೋದಿಲ್ಲ. ಅವರು ತಪ್ಪಿತಸ್ಥರು ಅಂತ ನೀವು ಒಪ್ಪಬೇಕಾಗಿಲ್ಲ, ಅದು ಕೋರ್ಟಿಗೆ ಬಿಟ್ಟದ್ದು. ದೂರು ಕೊಟ್ಟ ಹೆಣ್ಣುಮಗಳನ್ನು ಸುಳ್ಳಿ ಅಂತ ತೀರ್ಮಾನಿಸುವ ಹಕ್ಕೂ ನಿಮಗಿಲ್ಲ."

"ಇಷ್ಟು ದಿನ ಯಾಕೆ ಸುಮ್ಮನಿದ್ದಳು" ಎಂಬುದು ಅವರ ಗಂಟಲಲ್ಲೇ ಸಿಕ್ಕಿಕೊಂಡಿತ್ತು. ತಂಡದ ಪಟ್ಟಿ ಬರೆಯುವವರು ಯಾರು, ಎದುರು ಮಾತಾಡಿದ ಹುಡುಗಿಯ ಹೆಸರು ಮುಂದಿನ ಪಟ್ಟಿಯಲ್ಲಿ ಇರುತ್ತದೆಯೇ ಎಂದು ಕೇಳಿದೆ. ಇಷ್ಟು ವರ್ಷ ಹಾಕಿ ನೋಡಿದವರು, ಬಿಡಿಸಿ ಹೇಳಬೇಕಾಗಲಿಲ್ಲ.

ಮಗಳನ್ನು ಬೇರೆಯಾಗಿ ಕಂಡೆ. ಹದಿನೆಂಟು ತುಂಬದವರ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ ಪೋಕ್ಸೋ ಕಾಯ್ದೆಯಂತೆ ನಾನು ಪೊಲೀಸರಿಗೆ ತಿಳಿಸಲೇಬೇಕು. ಅದನ್ನು ಮೊದಲೇ ಹೇಳಿ, ನಿನಗೇನಾದರೂ ಆಗಿದೆಯಾ ಎಂದು ಕೇಳಿದೆ. ಇಲ್ಲ ಎಂದಳು. ಆಮೇಲೆ, "ನಾಳೆ ಆದ್ರೆ ಅಪ್ಪ ನನಗೂ ಇದನ್ನೇ ಕೇಳ್ತಾರಲ್ವಾ ಮೇಡಂ?" ಅಂದಳು.

ಅವಳ ಅನುಮತಿ ಪಡೆದು ಆ ಮಾತನ್ನು ಅಪ್ಪನಿಗೆ ಹಾಗೇ ತಲುಪಿಸಿದೆ. ಆ ಸಂದೇಶ ಯಾರಿಗೆಲ್ಲ ಹೋಗಿದೆಯೋ ಅವರಿಗೆ, ಕಳಿಸಬಾರದಿತ್ತು, ಅಳಿಸಿಬಿಡಿ ಎಂದು ತಾವೇ ಬರೆಯಬೇಕೆಂದು ಸೂಚಿಸಿದೆ. ಮಗಳಿಗೆ ಸಮಜಾಯಿಷಿ ಕೊಡಬೇಡಿ, "ನಿನಗೇನಾದ್ರೂ ಆದ್ರೆ ಮೊದಲು ನಿನ್ನ ಮಾತು ಕೇಳ್ತೀನಿ, ತಂಡದ ಜಾಗ ಹೋದ್ರೂ ಪರವಾಗಿಲ್ಲ" ಎಂದಷ್ಟೇ ಹೇಳಿ ಅಂದೆ. ಮಕ್ಕಳ ಸಹಾಯವಾಣಿ 1098 ಅವಳಿಗೆ ಬಾಯಿಪಾಠ ಇರಲಿ ಎಂದೂ ಸೇರಿಸಿದೆ.

ಮುಂದಿನ ಭೇಟಿಗೆ ಅಪ್ಪ, ಮಗಳು ಇಬ್ಬರೂ ಒಟ್ಟಿಗೆ ಬಂದರು. ಹಳೆಯ ಸಲುಗೆ ಇನ್ನೂ ಮರಳಿರಲಿಲ್ಲ. ಆದರೆ ಅಪ್ಪ ಹಾಸ್ಟೆಲಿಗೆ ಹೋಗಿ, ಹೊರಊರಿನ ಟೂರ್ನಿಗೆ ಹುಡುಗಿಯರ ಜೊತೆ ಮಹಿಳಾ ಸಿಬ್ಬಂದಿ ಯಾರು ಹೋಗುತ್ತಾರೆ, ದೂರು ಯಾರಿಗೆ ಕೊಡಬೇಕು ಎಂದು ಕೇಳಿ ಬಂದಿದ್ದರು. ಎರಡನೆಯದಕ್ಕೆ ಉತ್ತರ ಸಿಕ್ಕಿರಲಿಲ್ಲ. ಲಿಖಿತವಾಗಿ ಕೇಳಲು ಅರ್ಜಿಯನ್ನು ಮೂವರೂ ಕೂತು ಬರೆದೆವು.